ನ್ಯಾನೋವಿಎನ್‌ಎ-ಎಚ್: ಟ್ಯೂನರ್‌ಗಿಂತ ಮೊದಲು ಕೊಳ್ಳಬೇಕಾದ ಉಪಕರಣ

ಹ್ಯಾಮ್ (ಹವ್ಯಾಸಿ) ರೇಡಿಯೋ ಪರವಾನಗಿ ಪಡೆದು ಹೊಸದಾಗಿ ಕೇಂದ್ರ ಕಟ್ಟಿಕೊಳ್ಳುವವರಲ್ಲಿ ಹಲವರು ಟ್ರಾನ್ಸ್‌ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೋ) ಬಂದ ಕೂಡಲೇ ಆಂಟೆನಾ ಟ್ಯೂನರ್ ಹುಡುಕುತ್ತಾರೆ. ರೇಡಿಯೋದ ಪಕ್ಕದಲ್ಲಿರುವ ಟ್ಯೂನರ್ ರೇಡಿಯೋಗೆ ಅದು ಬಯಸುವ 50 ಓಮ್ ಹೊರೆ ಕಾಣುವಂತೆ ಮಾಡುತ್ತದೆಯೇ ಹೊರತು, ಅದರಾಚೆಗಿನ ಕೇಬಲ್ಲಿನಲ್ಲಿ ಶಕ್ತಿ ಹಿಂದೆ ಮುಂದೆ ಓಡಾಡಿ ಶಾಖವಾಗಿ ಕಳೆದುಹೋಗುವುದನ್ನು ತಡೆಯುವುದಿಲ್ಲ. ಆದ್ದರಿಂದ ಮೊದಲು ಬೇಕಾದದ್ದು ಆಂಟೆನಾದ ನಿಜಸ್ಥಿತಿಯನ್ನು ತೋರಿಸುವ ನ್ಯಾನೋವಿಎನ್‌ಎ-ಎಚ್‌ನಂಥ ಉಪಕರಣ (ವಿಎನ್‌ಎ ಎಂದರೆ ವೆಕ್ಟರ್ ನೆಟ್‌ವರ್ಕ್ ಅನಲೈಸರ್) ಎಂಬುದು ನನ್ನ ದೃಢ ಅಭಿಪ್ರಾಯ.

ಜಪಾನಿನ ಹವ್ಯಾಸಿಯೊಬ್ಬರ ಮುಕ್ತ ವಿನ್ಯಾಸದಿಂದ ಬೆಳೆದು 2019ರಲ್ಲಿ ಜಗತ್ತಿನೆಲ್ಲೆಡೆ ಹರಡಿದ ಇದು 2.8 ಇಂಚಿನ ಟಚ್ ಪರದೆಯ, ಅಂಗೈಯಲ್ಲಿ ಹಿಡಿಯುವ ಸಾಧನ. ಇದು ಅಳೆಯುವ ಆವರ್ತನಗಳ ಮೂಲ ವ್ಯಾಪ್ತಿ 50 ಕಿಲೋಹರ್ಟ್ಸ್‌ನಿಂದ 900 ಮೆಗಾಹರ್ಟ್ಸ್‌ವರೆಗೆ.

ಸಾಮಾನ್ಯ ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆಯ ಹೊಂದಾಣಿಕೆ ಎಷ್ಟು ಕೆಟ್ಟಿದೆ ಎಂಬುದರ ಅಳತೆ; 1 ಎಂದರೆ ಪೂರ್ಣ ಹೊಂದಾಣಿಕೆ) ಮೀಟರ್ ಒಂದೇ ಅಂಕಿಯನ್ನು ಕೊಡುತ್ತದೆ. ಅದು 2 ಎಂದರೆ ಶೇ. 11ರಷ್ಟು, 3 ಎಂದರೆ ಶೇ. 25ರಷ್ಟು ಶಕ್ತಿ ಪ್ರತಿಫಲಿಸುತ್ತಿದೆ ಎಂದು ತಿಳಿಯಬಹುದು. ಆದರೆ ಆಂಟೆನಾದ ತಂತಿಯನ್ನು ಕತ್ತರಿಸಬೇಕೋ ಉದ್ದ ಮಾಡಬೇಕೋ ಎಂಬುದು ತಿಳಿಯುವುದಿಲ್ಲ. 40 ಮೀಟರ್ ಬ್ಯಾಂಡಿನ ಡೈಪೋಲ್ (ಎರಡು ತೋಳುಗಳ ತಂತಿ ಆಂಟೆನಾ) ಒಂದನ್ನು ನ್ಯಾನೋವಿಎನ್‌ಎಯಿಂದ ಅಳೆದಾಗ 7.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ 1.6 ಇತ್ತು, ಅದರ ಜೊತೆಗೆ ರೆಸಿಸ್ಟೆನ್ಸ್ 55 ಓಮ್, ರಿಯಾಕ್ಟೆನ್ಸ್ (ಅನುರಣನದಲ್ಲಿ ಸೊನ್ನೆಯಾಗುವ ಅಂಶ) ಮೈನಸ್ 25 ಓಮ್ ಎಂದು ಪರದೆ ತೋರಿಸಿತು. ಮೈನಸ್ ಚಿಹ್ನೆ ಇದ್ದುದರಿಂದ ತಂತಿ ಗಿಡ್ಡವಾಗಿದೆ ಎಂಬುದು ಸ್ಪಷ್ಟವಾಯಿತು. ಅನುರಣನ ಭಾರತದ ಹ್ಯಾಮ್‌ಗಳಿಗೆ ಮೀಸಲಾದ 7.0–7.2 ಮೆಗಾಹರ್ಟ್ಸ್‌ನ ಆಚೆ, 7.25ರ ಬಳಿ ಕುಳಿತಿತ್ತು. ಪ್ರತಿ ತೋಳಿಗೆ ಸುಮಾರು 20 ಸೆಂಟಿಮೀಟರ್ ತಂತಿ ಸೇರಿಸಿದಾಗ ಅದು ಬ್ಯಾಂಡಿನ ನಡುವಿಗೆ ಇಳಿಯಿತು.

ಇಂಥ ಓದು ಸಿಗಬೇಕಾದರೆ ಓಪನ್, ಶಾರ್ಟ್, ಲೋಡ್ (ತೆರೆದ ತುದಿ, ನೇರ ಜೋಡಣೆ, 50 ಓಮ್) ಎಂಬ ಮೂರು ಮಾನಕ ತುಂಡುಗಳನ್ನೂ ಒಂದೊಂದಾಗಿ ಕೇಬಲ್ಲಿನ ಆಂಟೆನಾ ಕಡೆಯ ತುದಿಗೆ ಜೋಡಿಸಿ ಕ್ಯಾಲಿಬ್ರೇಷನ್ (ಉಪಕರಣದ ಅಳತೆ ಸರಿಪಡಿಸುವಿಕೆ) ಮಾಡಲೇಬೇಕು. ಕೇಬಲ್ಲಿನ ನಷ್ಟ ಎಷ್ಟು ಮೋಸ ಮಾಡುತ್ತದೆಂದರೆ, 3 ಡೆಸಿಬೆಲ್ ನಷ್ಟವಿರುವ ಕೇಬಲ್ಲಿನ ತುದಿಯಲ್ಲಿ ಆಂಟೆನಾ ಇಲ್ಲದೇ ಹೋದರೂ ಕೆಳಗೆ ಎಸ್‌ಡಬ್ಲ್ಯುಆರ್ 3 ಎಂದಷ್ಟೇ ಕಾಣುತ್ತದೆ. ಹಳೆಯ, ನೀರಿಳಿದ ಕೋಆಕ್ಸ್ ಕೇಬಲ್ಲನ್ನು ಒಳ್ಳೆಯ ಆಂಟೆನಾ ಎಂದು ನಂಬುವುದು ಹೀಗೆಯೇ.

ಕೊರತೆಗಳೂ ಇವೆ. 300 ಮೆಗಾಹರ್ಟ್ಸ್ ದಾಟಿದ ಮೇಲೆ ಇದು ಆಸಿಲೇಟರ್‌ನ ಹಾರ್ಮೋನಿಕ್‌ಗಳನ್ನು (ಮೂಲ ಆವರ್ತನದ ಗುಣಕಗಳಲ್ಲಿ ಹುಟ್ಟುವ ದುರ್ಬಲ ಸಂಕೇತಗಳನ್ನು) ಬಳಸುವುದರಿಂದ, ಅಳೆಯಬಲ್ಲ ಅತಿ ಪ್ರಬಲ ಮತ್ತು ಅತಿ ದುರ್ಬಲ ಸಂಕೇತಗಳ ನಡುವಿನ ಅಂತರ 70 ಡೆಸಿಬೆಲ್‌ನಿಂದ ಇಳಿಯುತ್ತಾ ಹೋಗಿ, 600ರ ಮೇಲೆ ಸುಮಾರು 50ಕ್ಕೆ ಬರುತ್ತದೆ. ಆಂಟೆನಾ ಹೊಂದಿಸಲು ಅಷ್ಟು ಸಾಕು, ಕಡಿದಾದ ಫಿಲ್ಟರ್ ಪರೀಕ್ಷಿಸಲು ಸಾಲದು. ಬಿಸಿಲಿನಲ್ಲಿ ಪರದೆಯ ಸಣ್ಣ ಅಕ್ಷರ ಓದುವುದು ನಿಜಕ್ಕೂ ಕಷ್ಟ. ಪ್ರಸಾರ ನಡೆಯುತ್ತಿರುವ ಲೈನಿಗೆ ಇದನ್ನು ಎಂದೂ ಜೋಡಿಸಬಾರದು. ಒಂದು ವಾಟ್ ಕೂಡ ಇದರ ಒಳಭಾಗವನ್ನು ಸುಟ್ಟೀತು. ಅಗ್ಗದ ನಕಲುಗಳಲ್ಲಿ ಲೋಹದ ಶೀಲ್ಡಿಂಗ್ ಇಲ್ಲದಿರುವುದುಂಟು, ಕೊಳ್ಳುವ ಮುನ್ನ ವಿಚಾರಿಸಿ. ಉಪಕರಣದ ಎಸ್‌ಎಂಎ ಕನೆಕ್ಟರ್ (ಸಣ್ಣ ತಿರುಪಿನ ಕೇಬಲ್ ಜೋಡಣೆ) ಬಿಗಿದು ಬಿಚ್ಚುವುದರಿಂದ ಬೇಗ ಸವೆಯುವ ಕಾರಣ, ಚಿಕ್ಕ ತುಂಡು ಕೇಬಲ್ಲೊಂದನ್ನು ಅದಕ್ಕೆ ಶಾಶ್ವತವಾಗಿ ಜೋಡಿಸಿಟ್ಟು ಅದರ ತುದಿಯಿಂದಲೇ ಕೆಲಸ ಮಾಡುವುದು ಒಳ್ಳೆಯದು.