ಲಿನಕ್ಸ್‌ಗೆ ಹೊಸಬರು ಎಲ್ಲಿ ಕೇಳಬೇಕು? ಮಲೆನಾಡಿನಲ್ಲಿ ಕೂತು ಕೇಳಿ ನೋಡಿದ ಹೋಲಿಕೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕೂಡ ತೀರಾ ಹಳೆಯದಾಗಿರಬಾರದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವು ಇನ್ನೂ ಚೆನ್ನಾಗಿ ಓಡುತ್ತಿವೆ. ಅಂಥವಕ್ಕೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡುವುದು ಈಗ ನನ್ನ ಬಿಡುವಿನ ಕೆಲಸ. 2024ರ ಜುಲೈನಲ್ಲಿ ಬಂದ ಈ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಹಾಕುವುದೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಆಮೇಲೆ. ನಾನು ಪಕ್ಕದಲ್ಲಿ ಇಲ್ಲದಾಗ ಏನೋ ನಿಂತುಹೋಗುತ್ತದೆ, ಯಾರನ್ನು ಕೇಳುವುದೆಂದು ಗೊತ್ತಾಗುವುದಿಲ್ಲ. ಕೇಳಿದ ಕಡೆ ಒರಟು ಉತ್ತರ ಬಂದರೆ ಮತ್ತೆ ಹಳೆಯ ವಿಂಡೋಸ್‌ಗೇ ವಾಪಸ್.

ಅದಕ್ಕಾಗಿ ಹೊಸಬರು ಕೇಳಬಹುದಾದ ಜಾಗಗಳನ್ನು ಒಂದೊಂದಾಗಿ ಬಳಸಿ ನೋಡಿದೆ. ಕೆಲವು ಕಡೆ ನಾನೇ ಕೇಳಿದೆ, ಕೆಲವು ಕಡೆ ಹೊಸಬರ ಕೈಯಲ್ಲೇ ಬರೆಸಿ ಪಕ್ಕದಲ್ಲಿ ಕೂತೆ. ಇಲ್ಲಿ ಎದುರಾಗುವ ತೊಂದರೆಗಳಲ್ಲಿ ಮುಖ್ಯವಾದವು ಎರಡು ಜಾತಿಯವು. ಒಂದು, ಜಗತ್ತಿನಲ್ಲಿ ಎಲ್ಲರಿಗೂ ಬರುವಂಥದ್ದು: ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ವೈಫೈ ಮಾಯ. ಇನ್ನೊಂದು ನಮ್ಮದೇ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸವಾದ ಬೆರಳಿಗೆ ಅದೇ ಕೀಲಿಮಣೆ ಬೇಕು, ಹಳೆಯ ನುಡಿ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಈ ಎರಡನ್ನೂ ಒಂದೇ ಕಡೆ ಕೇಳಿದರೆ ಉತ್ತರ ಸಿಗುವುದಿಲ್ಲ ಎನ್ನುವುದು ಬೇಗನೆ ಗೊತ್ತಾಯಿತು.

ಮೊದಲು ಆಸ್ಕ್ ಉಬುಂಟು. ಸ್ಟಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ತಾಣಗಳ ಬಳಗಕ್ಕೆ ಸೇರಿದ ಇಲ್ಲಿ ಗೂಗಲ್ ಮೂಲಕ ಬಂದು ಓದುವವರೇ ಹೆಚ್ಚು. ಓದುವುದಕ್ಕೆ ಇದು ನಿಜಕ್ಕೂ ಒಳ್ಳೆಯದು. ವೈಫೈ ಪ್ರಶ್ನೆಗೆ ಬೇಕಾದ ಅರ್ಧ ಉತ್ತರ ಅಲ್ಲಿ ಆಗಲೇ ಬರೆದಿಟ್ಟಿದೆ. ಆದರೆ ಕೇಳಲು ಹೋಗುವ ಹೊಸಬರು ಎರಡು ಸಂಗತಿ ತಿಳಿದಿರಬೇಕು. ಅಲ್ಲಿ ಉಬುಂಟು ಎಂಬ ಲಿನಕ್ಸ್ ಮತ್ತು ಕುಬುಂಟು, ಕ್ಸುಬುಂಟು, ಲುಬುಂಟುವಿನಂಥ ಅದರ ಅಧಿಕೃತ ರೂಪಗಳ ಪ್ರಶ್ನೆ ಮಾತ್ರ ನಡೆಯುತ್ತದೆ. ಮಿಂಟ್ ಉಬುಂಟುವಿನ ಮೇಲೇ ಕಟ್ಟಿದ್ದಾದರೂ ಮಿಂಟ್ ಪ್ರಶ್ನೆಯನ್ನು ಮುಚ್ಚುತ್ತಾರೆ; ಅದಕ್ಕೆ ಅದೇ ಬಳಗದ ಯುನಿಕ್ಸ್ ಅಂಡ್ ಲಿನಕ್ಸ್ ತಾಣವಿದೆ. ಎರಡನೆಯದು, ಬೇರೆಯವರ ಪ್ರಶ್ನೆಯ ಕೆಳಗೆ ಟಿಪ್ಪಣಿ ಹಾಕಲು 50 ಅಂಕ ಗಳಿಸಿರಬೇಕು. ‘ನನಗೂ ಇದೇ ತೊಂದರೆ’ ಎಂದು ಉತ್ತರದ ಜಾಗದಲ್ಲಿ ಬರೆದರೆ ಅಳಿಸುತ್ತಾರೆ. ‘ನಮಸ್ಕಾರ’, ‘ಮುಂಗಡ ಧನ್ಯವಾದ’ ಎಂದು ಬರೆದಿದ್ದನ್ನೂ ಯಾರೋ ಬಂದು ತೆಗೆದುಹಾಕುತ್ತಾರೆ.

ಅರ್ಜಿ ಎಂದರೆ ‘ಮಾನ್ಯರೇ’ ಎಂದೇ ಶುರು ಮಾಡಿ ಬೆಳೆದ ನಮಗೆ ಇದು ಚುರುಕ್ಕೆನ್ನುತ್ತದೆ. ನನ್ನ ಪಕ್ಕ ಕೂತಿದ್ದ ಟೈಪಿಸ್ಟ್ ಒಬ್ಬರು, “ಇವ್ರಿಗೆ ನಾನೇನು ತಪ್ಪು ಹೇಳ್ದೆ ಮಾರಾಯ್ರೆ?” ಎಂದು ನೊಂದುಕೊಂಡರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅಲ್ಲಿ ತಿದ್ದುವುದು ನಿಮ್ಮನ್ನಲ್ಲ, ಪುಟವನ್ನು. ಮುಂದೆ ಅದೇ ತೊಂದರೆಯಿಂದ ಬರುವ ಸಾವಿರ ಜನ ಆ ಪುಟ ಓದುತ್ತಾರೆ. ‘ಇದು ಹಿಂದೆಯೇ ಬಂದ ಪ್ರಶ್ನೆ’ ಎಂದು ಮುಚ್ಚಿದರೂ ಮೇಲ್ಗಡೆ ಉತ್ತರದ ಕೊಂಡಿ ಕೊಟ್ಟಿರುತ್ತಾರೆ; ಕೇಳಿದ್ದು ಸಿಕ್ಕಿತೆಂದೇ ಅರ್ಥ. ಜಗಳಕ್ಕೆ ಜಾಗವನ್ನೇ ಬಿಡದೆ ಶಾಂತಿ ಕಾಯುವ ವ್ಯವಸ್ಥೆ ಅದು. ಬೆಚ್ಚಗಿನ ಮಾತು ಬೇಕಾದವರಿಗೆ ಆಗಿಬರದು.

ಲಿನಕ್ಸ್ ಮಿಂಟ್‌ನ ಸ್ವಂತ ವೇದಿಕೆಯ ಸ್ವಭಾವವೇ ಬೇರೆ. ಅಲ್ಲಿ ಹೊಸಬರಿಗೆಂದೇ ವಿಭಾಗವಿದೆ. ಒಬ್ಬರ ಪ್ರಶ್ನೆಗೆ ಒಂದು ಎಳೆ. ಅದರೊಳಗೆ ಕೇಳುವುದು, ಮಾಡಿ ನೋಡುವುದು, ಮತ್ತೆ ಬಂದು ಹೇಳುವುದು. ನಮಸ್ಕಾರವನ್ನು ಯಾರೂ ಅಳಿಸುವುದಿಲ್ಲ. ವೈಫೈ ತೊಂದರೆ ಬರೆದಾಗ ಅವರು ಮೊದಲು ಕೇಳಿದ್ದು ಸಿಸ್ಟಮ್ ವಿವರ. ಮಿಂಟ್ ಮೆನುವಿನಲ್ಲಿ ‘ಸಿಸ್ಟಮ್ ರಿಪೋರ್ಟ್ಸ್’ ತೆರೆದು ‘ಸಿಸ್ಟಮ್ ಇನ್ಫರ್ಮೇಶನ್’ ಒತ್ತಿದರೆ ಪ್ರೊಸೆಸರ್, ಕರ್ನೆಲ್ (ಲಿನಕ್ಸ್‌ನ ತಿರುಳು), ವೈಫೈ ಚಿಪ್ ಎಲ್ಲದರ ಪಟ್ಟಿ ಬರುತ್ತದೆ. ಅದನ್ನು ಹಾಗೇ ನಕಲು ಮಾಡಿ ಹಾಕಿದರಾಯಿತು. ಹೊಸಬರು ಬಹಳ ಸಲ ಇದನ್ನು ಬಿಟ್ಟು ‘ವೈಫೈ ಬರ್ತಿಲ್ಲ, ಅರ್ಜೆಂಟ್’ ಎಂದಷ್ಟೇ ಬರೆಯುತ್ತಾರೆ. ಉತ್ತರ ಕೊಡುವವರು ಯಾರೂ ಸಂಬಳ ಪಡೆದು ಕೂತವರಲ್ಲ. ಅರ್ಜೆಂಟ್ ಎಂದರೆ ಅವರಿಗೆ ಕಿರಿಕಿರಿ, ಚಿಪ್‌ನ ಹೆಸರು ಕೊಟ್ಟರೆ ಉತ್ಸಾಹ. ನಮ್ಮ ಎಳೆಯಲ್ಲಿ ಬಂದ ಸಲಹೆ ಸರಳವಾಗಿತ್ತು: ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ‘ವ್ಯೂ’ ಕೆಳಗಿರುವ ‘ಲಿನಕ್ಸ್ ಕರ್ನೆಲ್ಸ್’ಗೆ ಹೋಗಿ ಹೊಸ ಕರ್ನೆಲ್ ಹಾಕಿ, ಅದಕ್ಕೂ ಮೊದಲು ಟೈಮ್‌ಶಿಫ್ಟ್‌ನಲ್ಲಿ ಸಿಸ್ಟಮ್‌ನ ಒಂದು ಪ್ರತಿ ಉಳಿಸಿಕೊಳ್ಳಿ. ಹಾಗೇ ಮಾಡಿದ ಮೇಲೆ ವೈಫೈ ಮಾಯವಾಗುವುದು ನಿಂತಿತು.

ನಮ್ಮ ಕಡೆಯವರಿಗೆ ಇದು ಹೊಂದುವುದಕ್ಕೆ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಆಷಾಢದ ಮಳೆಯಲ್ಲಿ ಮರ ಬಿದ್ದರೆ ಕರೆಂಟ್ ಮಧ್ಯಾಹ್ನ ಹೋಗಿ ಮರುದಿನ ಬಂದೀತು. ಇನ್ವರ್ಟರ್ ಸೋತ ಮೇಲೆ ಟವರ್ ಕೂಡ ಸುಮ್ಮನಾಗುತ್ತದೆ. ಎಳೆಯಲ್ಲಿ ಹಾಕಿದ ಪ್ರಶ್ನೆ ಅಷ್ಟು ಹೊತ್ತೂ ನಮಗಾಗಿ ಕಾಯುತ್ತದೆ. ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಕೂತವರು ಅವರ ಹಗಲಿನಲ್ಲಿ ಉತ್ತರ ಬರೆದಿರುತ್ತಾರೆ, ನಾವು ನಮ್ಮ ಹಗಲಿನಲ್ಲಿ ಓದುತ್ತೇವೆ. ‘ಮಳೆಗೆ ಕರೆಂಟ್ ಹೋಗಿತ್ತು, ಇವತ್ತು ಮಾಡಿ ನೋಡಿ ತಿಳಿಸುತ್ತೇನೆ’ ಎಂಬ ಒಂದು ಸಾಲು ಹಾಕಿದರೆ ಅತ್ತ ಕಡೆಯವರ ತಾಳ್ಮೆ ಉಳಿಯುತ್ತದೆ. ಮಾತಿಲ್ಲದೆ ಮಾಯವಾದರೆ ಮಾತ್ರ ಬೇಸರಪಡುತ್ತಾರೆ. ಸರಿಹೋದ ಮೇಲೆ ಮೊದಲ ಬರಹದ ತಲೆಬರಹ ತಿದ್ದಿ ‘ಸಾಲ್ವ್ಡ್’ ಎಂದು ಸೇರಿಸುವುದು ಅಲ್ಲಿಯ ರೂಢಿ; ಯಾವ ಸಲಹೆಯಿಂದ ಸರಿಹೋಯಿತು ಎಂದೂ ಬರೆಯಬೇಕು.

ಇಂಗ್ಲಿಷ್ ಅಳುಕಿರುವವರಿಗೆ ಒಂದು ಮಾತು. ಅಲ್ಲಿ ಬರೆಯುವ ಎಷ್ಟೋ ಜನಕ್ಕೆ ಇಂಗ್ಲಿಷ್ ಎರಡನೆಯ ಭಾಷೆಯೇ. ‘ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು’ ಈ ಮೂರಕ್ಕೆ ಮೂರು ಪುಟ್ಟ ವಾಕ್ಯ ಸಾಕು. ತಪ್ಪು ಸಂದೇಶ ಬಂದಿದ್ದರೆ ಅನುವಾದಿಸಬೇಡಿ, ಅಕ್ಷರ ಬಿಡದೆ ನಕಲು ಮಾಡಿ.

ಐಆರ್‌ಸಿ ಎಂಬ ಹಳೆಯ ಹರಟೆ ಜಾಲವನ್ನೂ ನೋಡಿದೆ. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲ ನಡೆಸುತ್ತಿದ್ದ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಮುಕ್ತ ತಂತ್ರಾಂಶದವರ ಬಹುಪಾಲು ಮಾತುಕತೆ ಈಗ ಅಲ್ಲೇ. ಬಲ್ಲವರು ಎದುರಿಗೆ ಸಿಕ್ಕರೆ ಇಷ್ಟು ವೇಗದ ಸಹಾಯ ಬೇರೆಲ್ಲೂ ಇಲ್ಲ. ‘ಒಂದು ಪ್ರಶ್ನೆ ಕೇಳಬಹುದಾ?’ ಎಂದು ಅನುಮತಿ ಕೇಳುವ ನಮ್ಮ ಸೌಜನ್ಯ ಅಲ್ಲಿ ಕೆಲಸ ಮಾಡುವುದಿಲ್ಲ, ನೇರ ಪ್ರಶ್ನೆಯನ್ನೇ ಹಾಕಬೇಕು. ಉದ್ದನೆಯ ಲಾಗ್ (ಯಂತ್ರ ಬರೆದಿಟ್ಟ ದಾಖಲೆ) ಅನ್ನು ಚಾನೆಲ್‌ಗೆ ಸುರಿಯಬಾರದು, ಪೇಸ್ಟ್‌ಬಿನ್ ಎಂಬ ಪಠ್ಯ ಇಡುವ ತಾಣದಲ್ಲಿಟ್ಟು ಕೊಂಡಿ ಕೊಡಬೇಕು. ಆದರೆ ಸಂಪರ್ಕ ಕಡಿದ ಮೇಲೆ ಬಂದ ಮಾತು ಸಾಮಾನ್ಯವಾಗಿ ನಮಗೆ ಕಾಣುವುದೇ ಇಲ್ಲ. ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಇರುವವರಿಗೆ ಸರಿ. ಆಗುಂಬೆ ಕಡೆಯವರಿಗೆ ಮಳೆಗಾಲದಲ್ಲಿ ನಾನಂತೂ ಹೇಳುವುದಿಲ್ಲ.

ಆರ್ಚ್ ಎಂಬ ಇನ್ನೊಂದು ಲಿನಕ್ಸ್‌ನ ವೇದಿಕೆ ಆರ್ಚ್ ಬಳಸುವವರಿಗೆ ಮಾತ್ರ, ಅದರಿಂದ ಹುಟ್ಟಿದ ಮಂಜಾರೊದಂಥವಕ್ಕೂ ಅಲ್ಲಿ ಜಾಗವಿಲ್ಲ. ಅವರ ವಿಕಿಯನ್ನು ಮಾತ್ರ ಯಾವ ಡಿಸ್ಟ್ರೋದವರೂ (ಲಿನಕ್ಸ್‌ನ ಯಾವ ರೂಪ ಬಳಸುವವರೂ) ಓದಬಹುದು, ಓದಬೇಕು.

ಇನ್ನು ಕನ್ನಡದ ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳು. ಇಲ್ಲಿ ಹೇಳಲು ಹೆಚ್ಚಿದೆ, ಯಾಕೆಂದರೆ ಅತಿ ಒಳ್ಳೆಯ ಸಹಾಯವನ್ನೂ ಅತಿ ಕೆಟ್ಟ ಜಗಳವನ್ನೂ ನಾನು ಕಂಡಿದ್ದು ಇಲ್ಲೇ.

ಕೀಲಿಮಣೆಯ ಪ್ರಶ್ನೆಗೆ ಹೊರಗಿನ ವೇದಿಕೆಗಳಲ್ಲಿ ಉತ್ತರ ಬರಲಿಲ್ಲ. ಅವರ ತಪ್ಪಲ್ಲ, ಅವರಿಗೆ ನುಡಿಯ ಕೀಲಿಮಣೆಯಾದ ಕ.ಗ.ಪ. (ಕೆಜಿಪಿ) ಎಂದರೇನೆಂದೇ ತಿಳಿಯದು. ಕನ್ನಡದ ಗುಂಪಿನಲ್ಲಿ ಕೇಳಿದರೆ ಚಹಾ ಆರುವುದರೊಳಗೆ ಉತ್ತರ: ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಿಸುವ ಐಬಸ್ ಜೊತೆಗೆ ಐಬಸ್-ಎಂ17ಎನ್ ಪೊಟ್ಟಣ (ಪ್ಯಾಕೇಜ್) ಹಾಕಿ, ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬನ್ನಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಆರಿಸಿ. ಅದೇ ಪಟ್ಟಿಯಲ್ಲಿ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕೂಡ ಇವೆ. ಐಟ್ರಾನ್ಸ್ ಆರಿಸಿದರೆ ನುಡಿಯ ಬೆರಳು ಮುಗ್ಗರಿಸುತ್ತದೆ. ಕೆಜಿಪಿಯಲ್ಲಿ ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ, ನುಡಿಯಲ್ಲಿದ್ದಂತೆಯೇ. ಲಗ್ನಪತ್ರಿಕೆ, ಪಂಚಾಯಿತಿ ಅರ್ಜಿ ಟೈಪ್ ಮಾಡುವವರಿಗೆ ಹೊಸದಾಗಿ ಕಲಿಯುವುದೇನೂ ಉಳಿಯಲಿಲ್ಲ. ಹಳೆಯ ಕಡತಗಳು ಯುನಿಕೋಡ್‌ನಲ್ಲಿಲ್ಲ, ಫಾಂಟ್‌ಗೆ ಅಂಟಿಕೊಂಡ ಸಂಕೇತದಲ್ಲಿವೆ, ಪರಿವರ್ತಕದಿಂದ ಯುನಿಕೋಡ್‌ಗೆ ತರಬೇಕು ಎಂದೂ ಅಲ್ಲೇ ಒಬ್ಬರು ವಿವರಿಸಿದರು. ಧ್ವನಿ ಸಂದೇಶದಲ್ಲಿ, ‘ಅಕ್ಕಾ, ಬಲಗಡೆ ಕೆಳಗೆ ನೋಡಿ’ ಎಂದು ನಿಧಾನವಾಗಿ ಹೇಳಿಕೊಡುವವರು ಬೇರೆ ಯಾವ ಜಾಗದಲ್ಲೂ ಸಿಗಲಿಲ್ಲ.

ಜಗಳವೂ ಇಲ್ಲಿಯದೇ. ಹೊಸನಗರದ ಕಡೆಯ ಶಿಕ್ಷಕಿಯೊಬ್ಬರು ಒಂದು ಗುಂಪಿನಲ್ಲಿ ಮಿಂಟ್‌ನ ವೈಫೈ ಬಗ್ಗೆ ಕೇಳಿದರು. ಒಬ್ಬರು ‘ಮಿಂಟ್ ಯಾಕೆ ಹಾಕಿದ್ರಿ, ಫೆಡೋರಾ ಹಾಕಿ’ ಎಂದರು. ಇನ್ನೊಬ್ಬರು ಡೆಬಿಯನ್ ಎಂದರು. ಸಂಜೆಯವರೆಗೂ ಡಿಸ್ಟ್ರೋಗಳ ವಾದ, ಕೊನೆಗೆ ಏಕವಚನ. ಅವರ ಪ್ರಶ್ನೆ ಎಲ್ಲೋ ಮೇಲೆ ಹೂತುಹೋಯಿತು, ಅವರು ಗುಂಪು ಬಿಟ್ಟರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ. ಆಮೇಲೆ ಆ ಗುಂಪಿನ ಅಡ್ಮಿನ್ ಒಂದು ನಿಯಮ ತಂದರು: ಕೇಳಿದವರ ಯಂತ್ರದಲ್ಲಿ ಯಾವುದಿದೆಯೋ ಅದರ ಬಗ್ಗೆ ಮಾತ್ರ ಉತ್ತರ, ಬೇರೆ ಡಿಸ್ಟ್ರೋ ಸೂಚಿಸುವಂತಿಲ್ಲ. ಟರ್ಮಿನಲ್ ಕಿಟಕಿಯಲ್ಲಿ ಟೈಪ್ ಮಾಡುವ ಆಜ್ಞೆ ಕೊಟ್ಟರೆ ಅದು ಏನು ಮಾಡುತ್ತದೆಂದು ಕನ್ನಡದಲ್ಲಿ ಒಂದು ಸಾಲು ಬರೆಯಲೇಬೇಕು ಎಂದೂ ಸೇರಿಸಿದರು. ಅಷ್ಟಕ್ಕೇ ಗುಂಪು ತಣ್ಣಗಾಯಿತು. ಲಿನಕ್ಸ್ ಕರ್ನೆಲ್ ಬರೆಯುವವರ ನಡುವೆಯೇ ಒರಟು ಮಾತು ಎಷ್ಟು ಬೆಳೆದಿತ್ತೆಂದರೆ, 2018ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ನಡವಳಿಕೆಗೆ ಕ್ಷಮೆ ಕೇಳಿ ಕೆಲಕಾಲ ದೂರ ನಿಂತರು. ಕರ್ನೆಲ್ ಯೋಜನೆ ನಡವಳಿಕೆ ಸಂಹಿತೆಯನ್ನು ಒಪ್ಪಿಕೊಂಡಿದ್ದೂ ಆಗಲೇ. ದೊಡ್ಡವರಿಗೇ ನಿಯಮ ಬೇಕಾದ ಮೇಲೆ ನಮ್ಮ ಗುಂಪಿಗೆ ಬೇಡವೇ?

ಆಜ್ಞೆಯ ವಿವರಣೆ ಕೇಳುವುದು ಬರೀ ಶಿಷ್ಟಾಚಾರವೂ ಅಲ್ಲ. ಪೂರ್ಣ ಅಧಿಕಾರ ಕೊಡುವ ಸುಡೋ ಸೇರಿದ ಒಂದು ತಪ್ಪು ಸಾಲು ಡಿಸ್ಕನ್ನೇ ಅಳಿಸಬಲ್ಲದು. ತೆರೆದ ವೇದಿಕೆಯಲ್ಲಿ ತಪ್ಪು ಆಜ್ಞೆ ಬಂದರೆ ಮತ್ತೊಬ್ಬರು ಬಂದು ತಡೆಯುವ ಸಂಭವ ಹೆಚ್ಚು. ವಾಟ್ಸಾಪ್‌ನಲ್ಲಿ ಅದು ಫಾರ್ವರ್ಡ್ ಆಗುತ್ತ ಹೋಗುತ್ತದೆ. ಅಲ್ಲಿ ಸಿಕ್ಕ ಒಳ್ಳೆಯ ಉತ್ತರವೂ ಹೊರಗಿನವರಿಗೆ ಹುಡುಕಿದರೆ ಸಿಗುವುದಿಲ್ಲ ಎನ್ನುವುದು ನನ್ನ ಇನ್ನೊಂದು ಕೊರಗು. ಕೆಜಿಪಿಯ ಆ ಉತ್ತರ ಅದೆಷ್ಟು ಸಲ ಹೊಸದಾಗಿ ಬರೆಯಿಸಿಕೊಳ್ಳುತ್ತಿದೆಯೋ!

ಚಾಟ್‌ಬಾಟ್ ಕೇಳಬಾರದೇ ಎನ್ನುವವರಿದ್ದಾರೆ. ನಮ್ಮ ಕನ್ನಡದ ಪ್ರಶ್ನೆಯನ್ನು ಇಂಗ್ಲಿಷ್‌ಗೆ ತರಲು, ಒಂದು ಆಜ್ಞೆಯ ಅರ್ಥ ತಿಳಿಯಲು ಒಳ್ಳೆಯದು. ಆದರೆ ಇಲ್ಲದ ಪೊಟ್ಟಣದ ಹೆಸರನ್ನೂ ಧೈರ್ಯವಾಗಿ ಹೇಳುತ್ತದೆ. ಅದರ ಉತ್ತರವನ್ನು ತಂದು ಬೇರೆಯವರ ಪ್ರಶ್ನೆಗೆ ಅಂಟಿಸುವುದಂತೂ ಬೇಡ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಅದನ್ನು ನಿಷೇಧಿಸಿತು.

ಹೀಗಾಗಿ ಈಗ ನಾನು ಮಿಂಟ್ ಹಾಕಿಕೊಟ್ಟವರಿಗೆ ಚೀಟಿಯಲ್ಲಿ ಬರೆದುಕೊಡುವುದು ಇದು. ಕನ್ನಡ ಟೈಪಿಂಗ್, ಫಾಂಟ್, ನುಡಿ ಕಡತ: ನಿಯಮವಿರುವ ಕನ್ನಡ ಗುಂಪು. ವೈಫೈ, ಸೌಂಡ್, ಪ್ರಿಂಟರ್: ಮೊದಲು ಆಸ್ಕ್ ಉಬುಂಟುವಿನಲ್ಲಿ ಹುಡುಕಿ ಓದುವುದು, ಸಿಗದಿದ್ದರೆ ಮಿಂಟ್ ವೇದಿಕೆಯಲ್ಲಿ ಕೇಳುವುದು. ಒಂದೇ ಪ್ರಶ್ನೆಯನ್ನು ಒಂದೇ ದಿನ ಎರಡು ಕಡೆ ಹಾಕಬಾರದು. ಇನ್ನೊಂದು ಕಡೆ ಹೋಗಲೇಬೇಕಾದರೆ ಮೊದಲಿನದರ ಕೊಂಡಿ ಕೊಡಬೇಕು. ವೈಫೈ ಇಲ್ಲದೆ ಕೇಳುವುದು ಹೇಗೆ ಎಂದರೆ, ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಮಿಂಟ್‌ಗೆ ಇಂಟರ್ನೆಟ್ ಬರುತ್ತದೆ, ಸಾಮಾನ್ಯವಾಗಿ ಡ್ರೈವರ್ ಏನೂ ಬೇಡ. ಯಂತ್ರ ಬೂಟೇ ಆಗದಿದ್ದರೆ ಮಾತ್ರ ಯಾವ ವೇದಿಕೆಗೂ ಹೋಗಬೇಡಿ. ಹಾಕುವಾಗ ಬಳಸಿದ ಪೆನ್‌ಡ್ರೈವ್ ಎತ್ತಿಟ್ಟಿರಿ. ಅದರಿಂದಲೇ ಬೂಟ್ ಮಾಡಿ, ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು, ಆಮೇಲೆ ನನಗೊಂದು ಫೋನ್ ಮಾಡಿ.