ಡೇಟಾಬೇಸ್‌ನಿಂದ ಡ್ರಾಯಿಂಗ್ ತೆಗೆಸುವವರೇ, ಪ್ರೋಗ್ರಾಂ ಭಾಷೆ ಒಪ್ಪುವ ಮುಂಚೆ ಇದನ್ನು ಓದಿ

ಸರ್ವೆ ಲೆಕ್ಕ ಡೇಟಾಬೇಸ್‌ನಲ್ಲಿದೆ, ಡ್ರಾಯಿಂಗ್ ತಾನಾಗಿ ಬರುವ ಹಾಗೆ ಒಂದು ಪ್ರೋಗ್ರಾಂ ಬರೆಸೋಣ ಅಂತಿದ್ದೀರಾ? ಮುಂಗಡ ಕೊಡುವ ಮುಂಚೆ ನಮ್ಮ ಆಫೀಸಿಗೆ ಆದದ್ದನ್ನು ಕೇಳಿ.

ನಮ್ಮದು ಶಿವಮೊಗ್ಗದಲ್ಲಿ ಸಣ್ಣ ಡ್ರಾಫ್ಟಿಂಗ್ ಆಫೀಸು. ತೀರ್ಥಹಳ್ಳಿ, ಹೊಸನಗರ ಕಡೆಯ ಕುಡಿಯುವ ನೀರಿನ ಪೈಪ್‌ಲೈನ್ ಕೆಲಸ ಜಾಸ್ತಿ. ಮಲೆನಾಡಲ್ಲಿ ಮನೆಗಳು ಗುಡ್ಡಕ್ಕೊಂದು ಚದುರಿರುತ್ತವೆ, ಗೊತ್ತಲ್ವಾ? ನಾಲ್ಕು ಮನೆಗೆ ನೀರು ಕೊಡಬೇಕೆಂದರೂ ಪೈಪ್ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಅಷ್ಟೂ ಉದ್ದಕ್ಕೆ ಎಲ್-ಸೆಕ್ಷನ್, ಅಂದರೆ ನೆಲ ಮತ್ತು ಪೈಪಿನ ಏರಿಳಿತ ತೋರಿಸುವ ಉದ್ದ ಸೀಳು ಚಿತ್ರ, ಬರೆಯಬೇಕು. ಮಳೆ ಹಿಡಿಯುವ ಮುಂಚೆ ಸರ್ವೆ ಮುಗಿಸುತ್ತೇವೆ, ಜೂನ್ ಬಂತೆಂದರೆ ಡ್ರಾಯಿಂಗ್ ರಾಶಿ ಬೀಳುತ್ತದೆ. ಚೈನೇಜ್ (ಪೈಪ್ ಶುರುವಾದಲ್ಲಿಂದ ಅಳೆದ ದೂರ), ನೆಲದ ಲೆವೆಲ್, ಪೈಪಿನ ಲೆವೆಲ್ ಎಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್‌ನಲ್ಲಿ ಇದ್ದೇ ಇದ್ದವು. ಅದಕ್ಕೇ ಒಬ್ಬರಿಗೆ ಪ್ರೋಗ್ರಾಂ ವಹಿಸಿದೆವು.

ಅವರು ಬರೆದದ್ದು ವಿಬಿಎ ಎಂಬ ಮೈಕ್ರೋಸಾಫ್ಟ್ ಭಾಷೆಯಲ್ಲಿ, ಅದು ಆಟೋಕ್ಯಾಡ್‌ನಂಥ ತಂತ್ರಾಂಶದ ಒಳಗೇ ಓಡುತ್ತದೆ. ಅವರ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಓಡಿತು. ಆದರೆ ನಮ್ಮ ಮಷೀನುಗಳಲ್ಲಿ ಹೆಚ್ಚಿನವುಗಳಲ್ಲಿ ಇದ್ದದ್ದು ಆಟೋಕ್ಯಾಡ್ ಎಲ್‌ಟಿ, ಅಂದರೆ ಸೌಲಭ್ಯ ಕಮ್ಮಿ ಇರುವ ಅಗ್ಗದ ಆಟೋಕ್ಯಾಡ್, ಅದರಲ್ಲಿ ವಿಬಿಎ ಓಡುವುದೇ ಇಲ್ಲ. ಎಲ್‌ಟಿ ಇದೆ ಅಂತ ನಾವು ಮೊದಲೇ ಹೇಳಿದ್ದೆವು. ಪೂರ್ತಿ ಆಟೋಕ್ಯಾಡ್ ಇದ್ದ ಮಷೀನಿನಲ್ಲಿ ಹಾಕಿದೆವು. 2010ರ ಆವೃತ್ತಿಯಿಂದ ಆಟೋಕ್ಯಾಡ್ ಜೊತೆ ವಿಬಿಎ ಬರುವುದಿಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು. ಅದನ್ನೂ ಮಾಡಿದೆವು. ಆಗ ಡೇಟಾಬೇಸ್ ತೆರೆಯಲಿಲ್ಲ. ಆಕ್ಸೆಸ್ ಫೈಲ್ ಓದಲು ಅವರು ಬಳಸಿದ್ದು ಹಳೇ ಜೆಟ್ ಡ್ರೈವರ್, ಅದಿರುವುದು 32 ಬಿಟ್‌ನಲ್ಲಿ ಮಾತ್ರ. ನಮ್ಮ ಆಟೋಕ್ಯಾಡ್ 64 ಬಿಟ್, ಎರಡೂ ಕೂಡುವುದಿಲ್ಲ. ತಿದ್ದಿಸೋಣ ಅಂದರೆ ಕೋಡ್‌ಗೆ ಪಾಸ್‌ವರ್ಡ್ ಹಾಕಿದ್ದರು. ಕೇಳಿದ್ದಕ್ಕೆ ಇನ್ನಷ್ಟು ದುಡ್ಡು ಕೇಳಿದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಅವರ ಲ್ಯಾಪ್‌ಟಾಪಿನಿಂದ ತೆಗೆದ ಶೀಟು ಒಂದಿದೆ. ನೆಲದ ಗೆರೆ, ಪೈಪಿನ ಗೆರೆ ಎರಡೂ ಸರಿ. ಟೈಟಲ್ ಬ್ಲಾಕ್‌ನಲ್ಲಿ ಊರಿನ ಹೆಸರು ಬರಬೇಕಾದ ಕಡೆ ಮಾತ್ರ ಸಾಲಾಗಿ ಪ್ರಶ್ನೆ ಚಿಹ್ನೆ. ಅವರು ಹಾಕಿದ್ದ ಎಸ್‌ಎಚ್‌ಎಕ್ಸ್ (ಆಟೋಕ್ಯಾಡ್‌ನದೇ ಬಗೆಯ) ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ. ಊರ ಹೆಸರಿಲ್ಲದ ಶೀಟನ್ನು ಯಾವ ಎಂಜಿನಿಯರ್ ಸಹಿ ಮಾಡುತ್ತಾರೆ? ಆ ಮಳೆಗಾಲ ನಮ್ಮ ಹುಡುಗರು ರಾತ್ರಿಯೆಲ್ಲ ಕೂತು ಒಂದೊಂದು ಗೆರೆಯನ್ನೂ ಕಂಪ್ಯೂಟರಿನಲ್ಲಿ ತಾವೇ ಎಳೆದರು, ಕರೆಂಟ್ ಇದ್ದಾಗ.

ಹಾಗಾಗಿ ಯಾವ ಭಾಷೆ ಒಳ್ಳೆಯದು ಅಂತ ಸುಮ್ನೆ ಕೇಳಬೇಡಿ. ನಿಮ್ಮ ಮಷೀನುಗಳಲ್ಲಿ ಏನಿದೆ, ನಾಳೆ ಅದನ್ನು ತಿದ್ದುವವರು ಯಾರು, ಇದನ್ನು ಮೊದಲು ನೋಡಿ. ಆಟೋಕ್ಯಾಡ್‌ನದೇ ಭಾಷೆ ಆಟೋಲಿಸ್ಪ್ 1986ರಿಂದ ಇದೆ, ಹಳೇ ಕೋಡ್ ಇವತ್ತಿಗೂ ಹೆಚ್ಚಾಗಿ ಓಡುತ್ತದೆ. ಆದರೆ ಎಲ್‌ಟಿಗೆ ಅದು ಬಂದದ್ದು 2024ರ ಆವೃತ್ತಿಯಲ್ಲಿ. ಡೇಟಾಬೇಸ್ ಜೊತೆ ನೇರವಾಗಿ ಮಾತಾಡಿಸುವುದೂ ಅದರಲ್ಲಿ ಸುಲಭವಲ್ಲ. ಸಿ-ಶಾರ್ಪ್ ಎಂಬ ಭಾಷೆ ಬಲವಾದದ್ದು, ಆದರೆ ಎಲ್‌ಟಿಯಲ್ಲಿ ನಡೆಯದು. 2025ರ ಆಟೋಕ್ಯಾಡ್, ಸಿ-ಶಾರ್ಪ್ ಓಡುವ ಡಾಟ್‌ನೆಟ್ ವೇದಿಕೆಯ 8ನೇ ಆವೃತ್ತಿಗೆ ಹೋಗಿರುವುದರಿಂದ ಹಳೇ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಸೋರ್ಸ್ ಕೋಡ್, ಅಂದರೆ ಬರೆದ ಮೂಲ ಪ್ರೋಗ್ರಾಂ, ಇಲ್ಲದಿದ್ದರೆ ಏನು ಮಾಡುತ್ತೀರಿ?

ನಮಗೆ ಕೊನೆಗೆ ಒಗ್ಗಿದ್ದು ಪೈಥಾನ್ ಭಾಷೆ. ಈಝ್‌ಡಿಎಕ್ಸ್‌ಎಫ್ ಎಂಬ ಉಚಿತ ಲೈಬ್ರರಿ ಇದೆ. ಅದು ನೇರವಾಗಿ ಡಿಎಕ್ಸ್‌ಎಫ್ ಫೈಲ್ (ಆಟೋಕ್ಯಾಡ್ ತೆರೆಯುವ ಒಂದು ಬಗೆಯ ಡ್ರಾಯಿಂಗ್ ಫೈಲ್) ಬರೆಯುತ್ತದೆ, ಆ ಮಷೀನಿನಲ್ಲಿ ಆಟೋಕ್ಯಾಡ್ ಇರಲೇಬೇಕೆಂದಿಲ್ಲ. ಎಲ್‌ಟಿಯಲ್ಲೂ ಫೈಲ್ ತೆರೆಯುತ್ತದೆ. ತೆರೆದಿಟ್ಟ ಡ್ರಾಯಿಂಗ್ ಒಳಗೇ ಕೂತು ಕೆಲಸ ಮಾಡುವ ಕಮಾಂಡ್ ಬೇಕಾದವರಿಗೆ ಮಾತ್ರ ಇದು ಸಾಲದು. ಅವರಿಗೆ ಲಿಸ್ಪ್ ಅಥವಾ ಸಿ-ಶಾರ್ಪ್ ಬೇಕೇ ಬೇಕು.

ಯಾರಿಂದಲೇ ಬರೆಸಿ, ಸೋರ್ಸ್ ಕೋಡ್ ಕೈಗೆ ಬಂದ ಮೇಲೇ ಕೊನೆಯ ಕಂತು ಅಂತ ಬರವಣಿಗೆಯಲ್ಲಿ ಹಾಕಿಸಿ. ನಿಮ್ಮದೇ ಡೇಟಾದಿಂದ ಒಂದು ಊರಿನ ಶೀಟು ಮೊದಲು ತೆಗೆಸಿ. ಹೆಸರುಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿಕೊಡಿ. ಆ ಶೀಟನ್ನು ಅವರ ಲ್ಯಾಪ್‌ಟಾಪಿನಲ್ಲಿ ನೋಡಿ ಒಪ್ಪಬೇಡಿ. ನಿಮ್ಮ ಆಫೀಸಿನ ಅತಿ ಹಳೇ ಮಷೀನಿನಲ್ಲಿ ತೆರೆದು, ಪ್ರಿಂಟ್ ಹಾಕಿ, ತೀರ್ಥಹಳ್ಳಿಯ ಒತ್ತು ಸರಿಯಾಗಿ ಕೂತಿದೆಯಾ ಅಂತ ಕಣ್ಣಾರೆ ನೋಡಿ.