ಬ್ರೋಕರ್ ವಿರುದ್ಧ ದೂರು: ಸ್ಕೋರ್ಸ್ ಸೂಕ್ತವೋ, ಸ್ಮಾರ್ಟ್ ಒಡಿಆರ್ ಸೂಕ್ತವೋ?

ಷೇರು ವಹಿವಾಟು ನಡೆಸಿಕೊಡುವ ಬ್ರೋಕರ್‌ನಿಂದ ತೊಂದರೆಯಾದರೆ ಹೂಡಿಕೆದಾರರು ಮೊದಲು ಆ ಸಂಸ್ಥೆಗೇ ಲಿಖಿತವಾಗಿ ದೂರು ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದಾಗ ಸ್ಕೋರ್ಸ್ ಮತ್ತು ಸ್ಮಾರ್ಟ್ ಒಡಿಆರ್ ಎಂಬ ಎರಡು ಆನ್‌ಲೈನ್ ವೇದಿಕೆಗಳ ನಡುವೆ ಆಯ್ಕೆಯ ಪ್ರಶ್ನೆ ಎದುರಾಗುತ್ತದೆ.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2011ರಲ್ಲಿ ಆರಂಭಿಸಿದ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರಿಗೆ ಶುಲ್ಕವಿಲ್ಲ. ಸಂಸ್ಥೆ 21 ದಿನಗಳೊಳಗೆ ಉತ್ತರಿಸಬೇಕು, ಉತ್ತರ ಸಮಾಧಾನ ತರದಿದ್ದರೆ ಎರಡು ಹಂತದ ಮರುಪರಿಶೀಲನೆ ಕೋರಬಹುದು. ತಡವಾದ ಡಿವಿಡೆಂಡ್, ಕೈಗೆ ಬಾರದ ಲೆಕ್ಕಪಟ್ಟಿ, ಮುಚ್ಚದ ಖಾತೆ ಇಂಥವುಗಳಿಗೆ ಇದೇ ಸಾಕು. ಆದರೆ ಘಟನೆ ನಡೆದು ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು ಎಂಬುದನ್ನು ಮರೆಯಬಾರದು.

ಅನುಮತಿಯಿಲ್ಲದೆ ವಹಿವಾಟು ನಡೆಸಿ ನಷ್ಟ ಮಾಡಿದ ಪ್ರಕರಣಗಳು ಬೇರೆಯೇ. ಅಲ್ಲಿ ಸಾಕ್ಷ್ಯ ತೂಗಿ, ಯಾರು ಯಾರಿಗೆ ಎಷ್ಟು ಹಣ ಕೊಡಬೇಕೆಂದು ತೀರ್ಮಾನಿಸುವವರು ಬೇಕು. ಸ್ಕೋರ್ಸ್ ಆ ಕೆಲಸಕ್ಕೆಂದು ರೂಪುಗೊಂಡದ್ದಲ್ಲ. ಸೆಬಿಯ 2023ರ ಜುಲೈನ ಸುತ್ತೋಲೆಯ ಮೂಲಕ ಬಂದ ಆನ್‌ಲೈನ್ ವ್ಯಾಜ್ಯ ಪರಿಹಾರ ಪೋರ್ಟಲ್ ಸ್ಮಾರ್ಟ್ ಒಡಿಆರ್‌ನಲ್ಲಿ ಮೊದಲು ಸಂಧಾನ ನಡೆಯುತ್ತದೆ, ಅದು ವಿಫಲವಾದರೆ ಆನ್‌ಲೈನ್ ಮಧ್ಯಸ್ಥಿಕೆಗೆ ಹೋಗಬಹುದು; ಅಲ್ಲಿನ ತೀರ್ಪು 1996ರ ಮಧ್ಯಸ್ಥಿಕೆ ಕಾಯ್ದೆಯಡಿ ಇಬ್ಬರನ್ನೂ ಬಂಧಿಸುತ್ತದೆ. ಸಂಧಾನಕ್ಕೆ ಹೂಡಿಕೆದಾರರು ಹಣ ಕಟ್ಟಬೇಕಿಲ್ಲ, ಮಧ್ಯಸ್ಥಿಕೆಗೆ ಮಾತ್ರ ಶುಲ್ಕವಿದೆ. ಆ ತೀರ್ಪನ್ನು ಕಾಯ್ದೆಯ 34ನೇ ಕಲಮಿನ ಸೀಮಿತ ಕಾರಣಗಳ ಮೇಲಷ್ಟೇ ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಾಧ್ಯವಾದ್ದರಿಂದ, ಕಾಂಟ್ರ್ಯಾಕ್ಟ್ ನೋಟ್ (ವಹಿವಾಟಿನ ವಿವರವಿರುವ ಬ್ರೋಕರ್‌ನ ದಾಖಲೆ), ಇ-ಮೇಲ್, ಬ್ಯಾಂಕ್ ವಿವರಗಳನ್ನೆಲ್ಲ ಮೊದಲೇ ಜೋಡಿಸಿಟ್ಟುಕೊಳ್ಳುವುದು ಅತ್ಯಗತ್ಯವೆಂದು ನಾನು ಒತ್ತಿ ಹೇಳುತ್ತೇನೆ.

ಎರಡನ್ನೂ ಏಕಕಾಲಕ್ಕೆ ನಡೆಸಲಾಗದು: ದೂರು ಸ್ಕೋರ್ಸ್‌ನಲ್ಲಾಗಲಿ, ನ್ಯಾಯಾಲಯದಲ್ಲಾಗಲಿ, ಗ್ರಾಹಕ ಆಯೋಗದಲ್ಲಾಗಲಿ ಬಾಕಿಯಿರುವಾಗ ಒಡಿಆರ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ.